ಕತ್ತಿನ ಕಪ್ಪು ಹೇಳುವ ಮಾತು

ಕಳೆದ ವರ್ಷ ಶ್ರೀಮಠದ ಜಾತ್ರೆಯ ಸಂದರ್ಭದಲ್ಲಿ ಏರ್ಪಡಿಸಿದ್ದ ಉಚಿತ ಆರೋಗ್ಯ ತಪಾಸಣಾ ಶಿಬಿರಕ್ಕೆ ತಾಯಿಯೊಬ್ಬರು ತಮ್ಮ 12 ವರ್ಷದ ಮಗಳನ್ನು ಕರೆತಂದಿದ್ದರು. "ಡಾಕ್ಟ್ರ, ಕಡ್ಲಿಹಿಟ್ಟು ಹಚ್ಚಿ ಎಷ್ಟು ತಿಕ್ಕಿದ್ರೂ ಈಕಿ ಕುತ್ತಿಗಿ ಹೊಲಸು ಹೋಗವಲ್ದು ನೋಡ್ರಿ" ಎಂಬುದು ಅವರ ಅಳಲು. ಮಗು ತಲೆ ತಗ್ಗಿಸಿ ನಿಂತಿತ್ತು. ಶಾಲೆಯಲ್ಲಿ ಜೊತೆಯವರು "ನೀನು ಜಳಕ ಮಾಡುವುದಿಲ್ಲವೇ" ಎಂದು ಹಂಗಿಸುತ್ತಿದ್ದರಂತೆ. ಕತ್ತಿನ ಹಿಂಭಾಗದ ಚರ್ಮವು ಕಪ್ಪಾಗಿ, ದಪ್ಪವಾಗಿ, ಮಖಮಲ್ಲಿನಂತೆ ಮೆತ್ತಗಾಗಿತ್ತು. ಕಂಕುಳಲ್ಲಿಯೂ ಅದೇ ಬಗೆ. ತಿಕ್ಕಿ ತಿಕ್ಕಿ ಅಲ್ಲಲ್ಲಿ ಚರ್ಮ ತರಚಿತ್ತು.

ಅದು ಕೊಳೆಯಾಗಿರಲಿಲ್ಲ. ವೈದ್ಯಶಾಸ್ತ್ರದಲ್ಲಿ ಅದನ್ನು ಅಕಾಂಥೋಸಿಸ್ ನೈಗ್ರಿಕನ್ಸ್ ಎನ್ನುತ್ತಾರೆ. ನಾವು ವೃತ್ತಿಯನ್ನು ಆರಂಭಿಸಿದ ದಿನಗಳಲ್ಲಿ ಇಂಥವರಿಗೆ ಲೇಪವೊಂದನ್ನು ಕೊಟ್ಟು ಕಳುಹಿಸಿದ್ದುಂಟು. ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕೆಂದು ಆಗ ನಮಗೆ ತೋಚಿರಲಿಲ್ಲ. ಆ ತಪ್ಪಿನ ಅರಿವೇ ಈ ಲೇಖನಕ್ಕೆ ಪ್ರೇರಣೆ. ಹೊರಗೆ ಕಾಣುವ ಈ ಕಪ್ಪಿಗೂ, ಕಣ್ಣಿಗೆ ಕಾಣದ ಜೀವಕೋಶದ ಬಾಗಿಲಲ್ಲಿ ಕುಳಿತಿರುವ ಒಂದು ಪ್ರೋಟೀನಿಗೂ ಹತ್ತಿರದ ಸಂಬಂಧವಿದೆ. ಆ ಪ್ರೋಟೀನಿನ ಹೆಸರು ಇನ್ಸುಲಿನ್ ರಿಸೆಪ್ಟರ್, ಅಂದರೆ ಇನ್ಸುಲಿನ್ ಗ್ರಾಹಿ.

ಓಲೆಕಾರನೂ ದ್ವಾರಪಾಲಕನೂ

ಇನ್ಸುಲಿನ್ ಎಂಬ ಹೆಸರನ್ನು ಕೇಳದವರು ಇಂದು ವಿರಳ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು ಮೇದೋಜೀರಕ ಗ್ರಂಥಿಯಿಂದ ಇದರ ಸಾರವನ್ನು ತೆಗೆದರು. 1922ರ ಜನವರಿಯಲ್ಲಿ ಸಾವಿನ ಅಂಚಿನಲ್ಲಿದ್ದ 14 ವರ್ಷದ ಬಾಲಕ ಲಿಯೊನಾರ್ಡ್ ಥಾಂಪ್ಸನ್‌ನಿಗೆ ಅದನ್ನು ಚುಚ್ಚಿದರು. ಮೊದಲ ಸಾರದಿಂದ ಹೆಚ್ಚಿನ ಫಲ ದೊರೆಯಲಿಲ್ಲ. ಕಾಲಿಪ್ ಎಂಬ ರಸಾಯನಜ್ಞರು ಶುದ್ಧೀಕರಿಸಿದ ಸಾರವು ಆ ಬಾಲಕನನ್ನು ಉಳಿಸಿತು. ಅಂದಿನವರೆಗೆ ಮೃತ್ಯುವಿನ ಕರೆಯೇ ಆಗಿದ್ದ ಬಾಲ್ಯದ ಮಧುಮೇಹಕ್ಕೆ ಔಷಧ ಸಿಕ್ಕಿತು.

ಆದರೆ ಎಲ್ಲ ಮಧುಮೇಹಿಗಳಲ್ಲಿಯೂ ಇನ್ಸುಲಿನ್ನಿನ ಕೊರತೆಯೇ ಇರುತ್ತದೆಯೇ? 1936ರಲ್ಲಿ ಲಂಡನ್ನಿನ ವೈದ್ಯ ಹಿಮ್ಸ್‌ವರ್ತ್ ಅವರು, ಕೆಲವು ರೋಗಿಗಳ ದೇಹವು ಇನ್ಸುಲಿನ್ನಿಗೆ ಒಡನೆಯೇ ಓಗೊಡುತ್ತದೆ, ಇನ್ನು ಕೆಲವರ ದೇಹವು ಓಗೊಡುವುದಿಲ್ಲ ಎಂಬುದನ್ನು ತೋರಿಸಿದರು. ಓಲೆಕಾರನು ಬಂದಿದ್ದಾನೆ, ಓಲೆಯೂ ಅವನ ಕೈಯಲ್ಲಿದೆ. ಆದರೆ ಮನೆಯೊಳಗಿನವರು ಕೇಳುತ್ತಿಲ್ಲ. ಇದನ್ನೇ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ.

ಇನ್ಸುಲಿನ್ ತಾನೇ ಜೀವಕೋಶದ ಒಳಹೊಕ್ಕು ಸಕ್ಕರೆಯನ್ನು ಕರೆದೊಯ್ಯುವುದಿಲ್ಲ. ಅದು ಹೊಸ್ತಿಲವರೆಗೆ ಬಂದು ದ್ವಾರಪಾಲಕನ ಕೈಗೆ ಓಲೆಯನ್ನೊಪ್ಪಿಸುತ್ತದೆ. ಗ್ರಾಹಿಯೇ ಆ ದ್ವಾರಪಾಲಕ. ಒಳಗೆ ಸುದ್ದಿ ಮುಟ್ಟಿಸುವ ಹೊಣೆ ಅದರದು.

ಗ್ರಾಹಿಯ ರಚನೆ

ಈ ಪ್ರೋಟೀನನ್ನು ಕಟ್ಟುವ ವಿಧಾನವು ನಮ್ಮ 19ನೆಯ ವರ್ಣತಂತುವಿನಲ್ಲಿರುವ ವಂಶವಾಹಿಯಲ್ಲಿ ಬರೆದಿದೆ. 1985ರಲ್ಲಿ ವಿಜ್ಞಾನಿಗಳು ಇದರ ಅಕ್ಷರಮಾಲೆಯನ್ನು ಓದಿದರು. 1,300ಕ್ಕೂ ಹೆಚ್ಚು ಅಮೈನೋ ಆಮ್ಲಗಳ ಒಂದೇ ಸರಪಳಿಯಾಗಿ ಇದು ಮೊದಲು ಹೆಣೆಯಲ್ಪಡುತ್ತದೆ. ಬಳಿಕ ಆಲ್ಫಾ ಮತ್ತು ಬೀಟಾ ಎಂಬ ಎರಡು ತುಂಡುಗಳಾಗುತ್ತದೆ. ಇಂಥ ಎರಡು ಜೋಡಿಗಳು ಗಂಧಕದ ಬಂಧಗಳಿಂದ ಬೆಸೆದುಕೊಂಡಾಗ ಪೂರ್ಣ ಗ್ರಾಹಿ ಸಿದ್ಧವಾಗುತ್ತದೆ. ಎರಡು ಆಲ್ಫಾಗಳು ಸಂಪೂರ್ಣವಾಗಿ ಜೀವಕೋಶದ ಹೊರಗಿದ್ದು ಇನ್ಸುಲಿನ್ನನ್ನು ಹಿಡಿಯುತ್ತವೆ. ಎರಡು ಬೀಟಾಗಳು ಕೋಶದ ಪೊರೆಯನ್ನು ತೂರಿ ಒಳಕ್ಕೆ ಇಳಿದಿರುತ್ತವೆ.

ಇನ್ಸುಲಿನ್ ಇಲ್ಲದಾಗ ಗ್ರಾಹಿಯು ಮನೆಯ ಮಾಡಿನಂತೆ, ಮೇಲೆ ಕೂಡಿಕೊಂಡು ಕೆಳಗೆ ಕಾಲುಗಳನ್ನು ಅಗಲಿಸಿ ನಿಂತಿರುತ್ತದೆ. ಇನ್ಸುಲಿನ್ ಬಂದು ಕೂತಾಗ ಅದರ ಆಕಾರವೇ ಬದಲಾಗಿ, ಅಗಲಿದ್ದ ಕಾಲುಗಳು ಹತ್ತಿರ ಬರುತ್ತವೆ. ಆಗ ಒಳಗಿನ ಎರಡು ಬೀಟಾ ತುದಿಗಳು ಪರಸ್ಪರ ಎದುರಾಗುತ್ತವೆ. ಆ ತುದಿಗಳು ಟೈರೋಸಿನ್ ಕೈನೇಸ್ ಎಂಬ ಕಿಣ್ವಗಳು. ಒಂದು ಇನ್ನೊಂದರ ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ ಫಾಸ್ಫೇಟಿನ ಮುದ್ರೆಯನ್ನೊತ್ತುತ್ತದೆ. ಮುದ್ರೆ ಬಿದ್ದೊಡನೆ ಎರಡೂ ಎಚ್ಚರಗೊಳ್ಳುತ್ತವೆ. ಗ್ರಾಹಿಯು ಹೀಗೆ ತನ್ನನ್ನು ತಾನೇ ಎಚ್ಚರಿಸಿಕೊಳ್ಳುವುದನ್ನು 1982ರಲ್ಲಿ ಅಮೆರಿಕದ ರೊನಾಲ್ಡ್ ಕಾನ್ ಮತ್ತು ಅವರ ಸಂಗಡಿಗರು ಕಂಡುಕೊಂಡರು.

ಎಚ್ಚರಗೊಂಡ ಗ್ರಾಹಿಯು ಒಳಗಿನ ಮತ್ತೊಂದು ಪ್ರೋಟೀನಿಗೆ ಮುದ್ರೆಯೊತ್ತುತ್ತದೆ, ಅದು ಮುಂದಿನದನ್ನು ಎಬ್ಬಿಸುತ್ತದೆ. ಹೀಗೆ ಕೈಯಿಂದ ಕೈಗೆ ಸಾಗಿದ ಸಂದೇಶವು ಕೊನೆಗೆ ಸ್ನಾಯುವಿನ ಜೀವಕೋಶದೊಳಗೆ ಕಾದಿರುವ ಗ್ಲೂಟ್-4 ಎಂಬ ಸಕ್ಕರೆಯ ವಾಹಕಗಳನ್ನು ಮುಟ್ಟುತ್ತದೆ. ಅವು ಪೊರೆಗೆ ಬಂದು ನಿಂತು ರಕ್ತದ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಯಕೃತ್ತಿಗೆ ಇದೇ ಸಂದೇಶವು "ಇನ್ನು ಸಕ್ಕರೆಯನ್ನು ತಯಾರಿಸಬೇಡ" ಎಂಬ ಆಜ್ಞೆಯಾಗಿ ತಲುಪುತ್ತದೆ.

ದೋಷ ಎಲ್ಲಿ?

ದ್ವಾರಪಾಲಕನೇ ಹುಟ್ಟಿನಿಂದ ಅಂಗಹೀನನಾಗಿರುವುದು ಅತ್ಯಂತ ವಿರಳ. ತಂದೆಯಿಂದಲೂ ತಾಯಿಯಿಂದಲೂ ದೋಷವುಳ್ಳ ವಂಶವಾಹಿಯನ್ನು ಪಡೆದ ಶಿಶುವಿಗೆ ಡೊನೊಹ್ಯು ಸಿಂಡ್ರೋಮ್ ಎಂಬ ಘೋರ ವ್ಯಾಧಿ ಬರುತ್ತದೆ. ಅಂಥ ಶಿಶುಗಳು ತೂಕವಿಲ್ಲದೆ ಹುಟ್ಟಿ, ಹೆಚ್ಚಾಗಿ ಮೊದಲ ಒಂದೆರಡು ವರ್ಷಗಳಲ್ಲಿಯೇ ತೀರಿಕೊಳ್ಳುತ್ತವೆ. ಇದಕ್ಕಿಂತ ತುಸು ಸೌಮ್ಯವಾದದ್ದು ರಾಬ್ಸನ್-ಮೆಂಡೆನ್‌ಹಾಲ್ ಸಿಂಡ್ರೋಮ್. ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮಕ್ಕಳಲ್ಲಿ ಇಂಥ ವ್ಯಾಧಿಗಳ ಸಂಭವ ಹೆಚ್ಚು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮ ಸೀಮೆಯಲ್ಲಿ ಇನ್ನೂ ಉಳಿದಿರುವುದರಿಂದ ಹಿರಿಯರು ಈ ಮಾತನ್ನು ಯೋಚಿಸಬೇಕು. ಇನ್ನು ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಾಹಿಯ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸುವುದುಂಟು. ಕಪ್ಪು ಕತ್ತು ಮತ್ತು ತೀವ್ರ ಇನ್ಸುಲಿನ್ ಪ್ರತಿರೋಧ ಎರಡೂ ಇದ್ದ ರೋಗಿಗಳಲ್ಲಿ ಈ ಸಂಗತಿಯನ್ನು 1976ರಲ್ಲಿ ವರದಿ ಮಾಡಲಾಯಿತು.

ನಾವು ನಿತ್ಯ ಕಾಣುವ ಟೈಪ್ 2 ಮಧುಮೇಹದಲ್ಲಿ ಮಾತ್ರ ಗ್ರಾಹಿಯ ರಚನೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾದ ಕೊಬ್ಬು ಒಳಗಿನ ಸಂದೇಶದ ದಾರಿಗೆ ಅಡ್ಡಬರುತ್ತದೆ. ಒಳಗಿನವರು ಓಗೊಡದಿದ್ದಾಗ ಮೇದೋಜೀರಕ ಗ್ರಂಥಿಯು ಇನ್ನಷ್ಟು ಓಲೆಕಾರರನ್ನು ಕಳುಹಿಸುತ್ತದೆ. ಓಲೆಕಾರರು ಹೆಚ್ಚಿದಂತೆ ಜೀವಕೋಶವು ಕೆಲವು ಗ್ರಾಹಿಗಳನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಕಿವುಡು ಮತ್ತಷ್ಟು ಹೆಚ್ಚುತ್ತದೆ. ಹೀಗೆ ವರ್ಷಗಟ್ಟಲೆ ದುಡಿದ ಗ್ರಂಥಿಯು ಬಳಲಿದಾಗ ರಕ್ತದ ಸಕ್ಕರೆ ಏರತೊಡಗುತ್ತದೆ.

ಆ ಬಳಲಿಕೆಗೆ ಮುಂಚಿನ ವರ್ಷಗಳಲ್ಲಿಯೇ ಕತ್ತು ಕಪ್ಪಾಗುತ್ತದೆ. ರಕ್ತದಲ್ಲಿ ಉಕ್ಕಿದ ಇನ್ಸುಲಿನ್, ಚರ್ಮದಲ್ಲಿರುವ ತನ್ನ ನೆಂಟ ಗ್ರಾಹಿಯೊಂದನ್ನು, ಅಂದರೆ ಬೆಳವಣಿಗೆಯ ಸಂದೇಶವನ್ನು ಪಡೆಯುವ ಗ್ರಾಹಿಯನ್ನು ತಟ್ಟುತ್ತದೆ. ಚರ್ಮದ ಕೋಶಗಳು ಬೇಡದ ವೇಗದಲ್ಲಿ ವೃದ್ಧಿಯಾಗಿ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಆದುದರಿಂದ ಮಕ್ಕಳ ಕತ್ತಿನ ಈ ಕಪ್ಪನ್ನು ತಿಕ್ಕಿ ತೆಗೆಯಲು ಹೋಗದೆ, ದೇಹವು ಮುಂಚಿತವಾಗಿ ಕೊಟ್ಟ ಎಚ್ಚರಿಕೆಯೆಂದು ಓದಬೇಕು. ತರುಣಿಯರಲ್ಲಿ ಇದರೊಂದಿಗೆ ಮುಟ್ಟಿನ ಏರುಪೇರು, ಮುಖದ ಮೇಲೆ ಕೂದಲು ಕಂಡರೆ ಪಿಸಿಓಎಸ್ ಇರಬಹುದು. ವಯಸ್ಸಾದವರಲ್ಲಿ ಹಠಾತ್ತಾಗಿ ಕಪ್ಪು ಹರಡಿ ತೂಕವೂ ಇಳಿಯುತ್ತಿದ್ದರೆ ಒಳಗಿನ ಅರ್ಬುದದ ಸೂಚನೆಯೂ ಆಗಬಹುದು. ತಡಮಾಡದೆ ತಪಾಸಣೆ ಮಾಡಿಸಬೇಕು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ; 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. "ನಾವು ದಪ್ಪಗಿಲ್ಲ, ನಮಗೇಕೆ ಬಂದೀತು" ಎನ್ನುವಂತೆಯೂ ಇಲ್ಲ. ಭಾರತೀಯರು ನೋಡಲು ತೆಳ್ಳಗಿದ್ದರೂ ಒಳಗೆ ಹೆಚ್ಚು ಕೊಬ್ಬನ್ನು ಹೊತ್ತಿರುತ್ತಾರೆಂಬುದನ್ನು ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ ಅವರು ತೋರಿಸಿಕೊಟ್ಟಿದ್ದಾರೆ.

ಆಯುರ್ವೇದದ ನೋಟ

ಪ್ರಾಚೀನ ಆಚಾರ್ಯರಿಗೆ ಗ್ರಾಹಿಯ ಪರಿಚಯವಿತ್ತೆಂದು ನಾವು ಹೇಳಲಾರೆವು. ಹಾಗೆ ಹೇಳುವುದು ಅವರಿಗೆ ಸಲ್ಲಿಸುವ ಗೌರವವೂ ಆಗದು. ಆದರೆ ಅವರು ರೋಗಿಯನ್ನು ಸೂಕ್ಷ್ಮವಾಗಿ ನೋಡಿದ್ದರು. ಪ್ರಮೇಹವನ್ನು 20 ಬಗೆಯಾಗಿ ವಿಂಗಡಿಸಿದರು. ಸುಶ್ರುತರು ಹುಟ್ಟಿನಿಂದ ಬರುವ ಸಹಜ ಪ್ರಮೇಹವನ್ನೂ ಅಪಥ್ಯದಿಂದ ಬರುವುದನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ಚರಕರು ಸ್ಥೂಲ ರೋಗಿಗೂ ಕೃಶ ರೋಗಿಗೂ ಒಂದೇ ಚಿಕಿತ್ಸೆ ಸಲ್ಲದೆಂದರು. ಪ್ರಮೇಹಿಯು ಬಾವಿಯನ್ನು ತೋಡಬೇಕು, ಗೋವುಗಳೊಂದಿಗೆ ಅಲೆಯಬೇಕು, ಬಹುದೂರ ನಡೆಯಬೇಕು ಎಂಬುದು ಸುಶ್ರುತರ ವಿಧಿ.

ಈ ವಿಧಿಯ ಒಳಮರ್ಮವನ್ನು ಇಂದಿನ ವಿಜ್ಞಾನ ತಿಳಿಸಿದೆ. ದುಡಿಯುವ ಸ್ನಾಯು ಸಂಕುಚಿತವಾಗುವಾಗ ಗ್ಲೂಟ್-4 ವಾಹಕಗಳು ಇನ್ಸುಲಿನ್ ಗ್ರಾಹಿಯ ಅಪ್ಪಣೆಗೆ ಕಾಯದೆ ತಾವಾಗಿಯೇ ಪೊರೆಗೆ ಬರುತ್ತವೆ. ಮುಂಬಾಗಿಲು ಜಡವಾದರೂ ಹಿತ್ತಿಲ ಬಾಗಿಲು ತೆರೆಯುತ್ತದೆ. ದುಡಿಮೆ ನಿಂತ ಬಳಿಕವೂ ಕೆಲವು ಗಂಟೆಗಳ ಕಾಲ ಸ್ನಾಯುವು ಇನ್ಸುಲಿನ್ನಿನ ಮಾತನ್ನು ಹೆಚ್ಚು ಚೆನ್ನಾಗಿ ಕೇಳುತ್ತದೆ. ಕಾಯಕವನ್ನು ಪೂಜೆಯ ಸ್ಥಾನಕ್ಕೇರಿಸಿದ ಶರಣರ ಪರಂಪರೆಯಲ್ಲಿ ಹುಟ್ಟಿದ ನಾವು ಮೈಮುರಿದು ದುಡಿಯುವುದನ್ನು ಮರೆತಿರುವುದು ವಿಷಾದದ ಸಂಗತಿ.

ಆಚರಣೆಗೆ ಕೆಲವು ಮಾತು

ವಯಸ್ಕರು ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕು. ಮಕ್ಕಳು ದಿನಕ್ಕೆ ಒಂದು ಗಂಟೆ ಮೈಬೆವರುವಂತೆ ಆಡಬೇಕು. ಊಟವಾದೊಡನೆ ಮಲಗದೆ ಹತ್ತು ಹದಿನೈದು ನಿಮಿಷ ಅಡ್ಡಾಡುವುದು ಹಿತಕರ. ತಟ್ಟೆಯಲ್ಲಿ ಅನ್ನದ ರಾಶಿ ತಗ್ಗಿ, ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಸೊಪ್ಪು ಹೆಚ್ಚಲಿ. ದಾಸೋಹದಲ್ಲಿ ಬಡಿಸುವ ಹುಗ್ಗಿ, ಮಾದಲಿ ಪ್ರಸಾದವೇ ಸರಿ. ಮಧುಮೇಹಿಗಳು ಅದನ್ನು ಒಂದು ತುತ್ತು ಭಕ್ತಿಯಿಂದ ಸ್ವೀಕರಿಸಿದರೆ ಸಾಕು.

ಇನ್ನೊಂದು ಮಾತನ್ನು ಕೈಮುಗಿದು ಬಿನ್ನವಿಸುತ್ತೇವೆ. "ಇನ್ಸುಲಿನ್ ಬಿಡಿಸಿ ಕಷಾಯ ಕೊಡಿ" ಎಂದು ನಮ್ಮಲ್ಲಿಗೆ ಬರುವವರು ಅನೇಕರು. ಆಯುರ್ವೇದ ವೈದ್ಯರಾಗಿಯೇ ನಾವು ಹೇಳುತ್ತೇವೆ: ಟೈಪ್ 1 ಮಧುಮೇಹವಿರುವ ಮಗುವಿನ ದೇಹದಲ್ಲಿ ಓಲೆಕಾರನೇ ಇಲ್ಲ. ಅವನ ಕೆಲಸವನ್ನು ಯಾವ ಚೂರ್ಣವೂ ಯಾವ ಕಷಾಯವೂ ಮಾಡಲಾರದು. ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಟೈಪ್ 2 ರೋಗಿಗಳೂ ತಮ್ಮ ವೈದ್ಯರನ್ನು ಕೇಳದೆ ಮಾತ್ರೆಯನ್ನು ಬಿಡಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಶಿವರಾತ್ರಿಯ ಉಪವಾಸಕ್ಕಾಗಲಿ, ಶ್ರಾವಣ ಸೋಮವಾರದ ವ್ರತಕ್ಕಾಗಲಿ ಮುಂಚೆ ವೈದ್ಯರ ಸಲಹೆಯನ್ನು ಪಡೆಯುವುದು ಕಡ್ಡಾಯ. ಸಕ್ಕರೆ ತೀರ ಇಳಿಯುವುದೂ ಅಪಾಯವೇ.

ಆ ಹುಡುಗಿಯ ರಕ್ತದ ಸಕ್ಕರೆ ಅಂದು ಮಧುಮೇಹದ ಹೊಸ್ತಿಲಲ್ಲಿತ್ತು. ನಾವು ಲೇಪವನ್ನು ಕೊಡಲಿಲ್ಲ. ಕಡಲೆಹಿಟ್ಟಿನಿಂದ ತಿಕ್ಕುವುದನ್ನು ನಿಲ್ಲಿಸಿ, ಬೇಕರಿಯ ತಿನಿಸನ್ನು ಬಿಡಿಸಿ, ಮಗುವನ್ನು ಬಯಲಿಗೆ ಆಡಲು ಕಳುಹಿಸಿ ಎಂದೆವು. ಮಕ್ಕಳ ವೈದ್ಯರಿಗೂ ತೋರಿಸಲು ಹೇಳಿದೆವು. ಈ ವರ್ಷದ ಜಾತ್ರೆಯಲ್ಲಿ ಆಕೆ ತಾಯಿಯೊಡನೆ ಮತ್ತೆ ಬಂದಿದ್ದಳು. ಕಪ್ಪು ಪೂರ್ಣ ಹೋಗಿಲ್ಲ, ತಿಳಿಯಾಗಿದೆ; ಸಕ್ಕರೆ ಹೊಸ್ತಿಲಿನಿಂದ ಹಿಂದೆ ಸರಿದಿದೆ. ತೇರು ಎಳೆಯುವವರ ನಡುವೆ ಆಕೆಯೂ ಹಗ್ಗಕ್ಕೆ ಕೈಹಚ್ಚಿದ್ದನ್ನು ಸಂಜೆ ನಾವು ಕಂಡೆವು. ಆಗ ಆಕೆಯ ತಲೆ ತಗ್ಗಿರಲಿಲ್ಲ.