ಅರ್ಜಿಯ ಗುಂಡಿಗೂ ಹೆಸರಿರಲಿ

ಕಳೆದ ಸಾಲಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ವಿದ್ಯಾರ್ಥಿವೇತನದ ಅರ್ಜಿಯನ್ನು ನಾವು ಮೊದಲ ಬಾರಿಗೆ ಆನ್‌ಲೈನ್ ಮಾಡಿದೆವು. ಮಕ್ಕಳು ಬಸ್ ಹಿಡಿದು ಕಚೇರಿಗೆ ಅಲೆಯುವುದು ತಪ್ಪಿತೆಂದು ಸಂತೋಷವೂ ಪಟ್ಟೆವು. ಸಿಂದಗಿ ಕಡೆಯ ದೃಷ್ಟಿಹೀನ ವಿದ್ಯಾರ್ಥಿನಿಯೊಬ್ಬಳ ಹಣ ಬ್ಯಾಂಕಿನಿಂದ ವಾಪಸ್ ಬಂದಾಗಲೇ ನಮ್ಮ ತಪ್ಪು ಗೊತ್ತಾದದ್ದು. ಖಾತೆ ಸಂಖ್ಯೆಯ ಜಾಗದಲ್ಲಿ ಆಕೆ ಆಧಾರ್ ಸಂಖ್ಯೆ ತುಂಬಿದ್ದಳು. ಹಣ ಕೈಸೇರುವ ಹೊತ್ತಿಗೆ ಪರೀಕ್ಷಾ ಶುಲ್ಕಕ್ಕೆ ದಂಡ ಬಿದ್ದಿತ್ತು. ಆ ದಂಡವನ್ನು ಟ್ರಸ್ಟ್ ಭರಿಸಿತು, ತಪ್ಪು ಆಕೆಯದಾಗಿರಲಿಲ್ಲ.

ಆಕೆ ಮೊಬೈಲನ್ನು ಕಿವಿಯಿಂದ ಬಳಸುತ್ತಾಳೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಇದೆ. ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. 2006ರಲ್ಲಿ ಅದನ್ನು ಆರಂಭಿಸಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರೂ ದೃಷ್ಟಿಹೀನರೇ. ಪುಟದ ಒಳಬರಹದಲ್ಲಿ ಪ್ರತಿ ಗುಂಡಿಗೆ, ಪ್ರತಿ ಖಾನೆಗೆ ನಾವು ಕೊಟ್ಟ ಹೆಸರನ್ನೇ ಇವು ಓದಿ ಹೇಳುತ್ತವೆ. ನಮ್ಮ ಅರ್ಜಿಯಲ್ಲಿ ಖಾನೆಯ ಮೇಲೆ ಹೆಸರು ಕಣ್ಣಿಗೆ ಕಾಣುತ್ತಿತ್ತು, ಆದರೆ ಹೆಸರಿಗೂ ಖಾನೆಗೂ ನಂಟು ಕಟ್ಟಿರಲಿಲ್ಲ. ಆಕೆಗೆ ಕೇಳಿದ್ದು ಸಾಲಾಗಿ "ಎಡಿಟ್ ಬಾಕ್ಸ್, ಎಡಿಟ್ ಬಾಕ್ಸ್" ಎಂದಷ್ಟೇ. ಅಂಕಪಟ್ಟಿ ಸೇರಿಸುವ ಕ್ಯಾಮೆರಾ ಚಿತ್ರವೂ "ಬಟನ್", ಎಲ್ಲವನ್ನೂ ಅಳಿಸುವ ಕಸದ ಬುಟ್ಟಿಯೂ "ಬಟನ್". ನಾಲ್ಕು ತಾಲೂಕುಗಳ ಅರ್ಜಿಗೆ ನಾಲ್ಕು ಕೊಂಡಿಗಳು, ನಾಲ್ಕಕ್ಕೂ "ಇಲ್ಲಿ ಒತ್ತಿರಿ" ಎಂಬ ಒಂದೇ ಹೆಸರು. ನಿಲ್ದಾಣದಲ್ಲಿ ಬೋರ್ಡಿಲ್ಲದ ನಾಲ್ಕು ಬಸ್ಸು ನಿಂತಂತೆ!

ತಿದ್ದುವುದಕ್ಕೆ ಹಣ ಬೇಕಾಗಲಿಲ್ಲ. ಒಂದು ಸಂಜೆಯ ಕೆಲಸ. ಪ್ರತಿ ಖಾನೆಗೆ ಅದರ ಹೆಸರನ್ನು ‘ಲೇಬಲ್’ ಮೂಲಕ ಜೋಡಿಸಿದೆವು. ಖಾನೆಯೊಳಗೆ ಮಸುಕಾಗಿ ಬರೆದ ಸೂಚನೆ ಸಾಲದು, ಟೈಪ್ ಮಾಡಿದೊಡನೆ ಅದು ಮಾಯವಾಗುತ್ತದೆ. ಬರೀ ಚಿತ್ರವಿದ್ದ ಗುಂಡಿಗಳಿಗೆ ‘ಏರಿಯಾ-ಲೇಬಲ್’ನಲ್ಲಿ "ಅಂಕಪಟ್ಟಿ ಸೇರಿಸಿ", "ಅಂಕಪಟ್ಟಿ ಅಳಿಸಿ" ಎಂದು ಕೊಟ್ಟೆವು. ಹೆಸರಿನಲ್ಲಿ ‘ಬಟನ್’ ಎಂಬ ಪದ ಬೇಡ. ಅದನ್ನು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ, ನಾವೂ ಸೇರಿಸಿದರೆ ಎರಡೆರಡು ಸಲ ಕೇಳಬೇಕು. ಗುಂಡಿಯ ಮೇಲೆ ಕಾಣುವ ಪದವೇ ಹೆಸರಿನಲ್ಲೂ ಇರಬೇಕು, ಇಲ್ಲವಾದರೆ ಧ್ವನಿಯಿಂದ ಫೋನ್ ನಡೆಸುವವರು ಆ ಪದ ಹೇಳಿದರೂ ಗುಂಡಿ ಒತ್ತಿಕೊಳ್ಳದು. ಪುಟದ ಭಾಷೆ ಕನ್ನಡವೆಂದೂ ಒಳಗೆ ನಮೂದಿಸಿದೆವು. ಕೊಂಡಿಗಳು ಈಗ "ಇಂಡಿ ತಾಲೂಕಿನ ಅರ್ಜಿ", "ಸಿಂದಗಿ ತಾಲೂಕಿನ ಅರ್ಜಿ" ಎಂದೇ ಓದಿಕೊಳ್ಳುತ್ತವೆ.

ಇದು ನಮ್ಮ ಔದಾರ್ಯವೇನಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಿಂದಲೇ ಇದೆ. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ.

ತಿದ್ದಿದ ಅರ್ಜಿಯನ್ನು ಆ ವಿದ್ಯಾರ್ಥಿನಿಯ ಕೈಗೇ ಮೊದಲು ಕೊಟ್ಟೆವು. ಯಾರ ನೆರವೂ ಇಲ್ಲದೆ ತುಂಬಿದಳು. ಜನ್ಮದಿನಾಂಕದ ಕ್ಯಾಲೆಂಡರಿನ ಬಾಣಗಳಿಗೆ ಇನ್ನೂ ಹೆಸರಿಲ್ಲವೆಂದು ತೋರಿಸಿಯೂ ಕೊಟ್ಟಳು. ಅದನ್ನೂ ಸರಿಪಡಿಸಿದ್ದೇವೆ. ಈ ಸಾಲಿನಲ್ಲಿ ಅರ್ಜಿ ತುಂಬುವಾಗ ಯಾವುದೇ ಗುಂಡಿ ಹೆಸರು ಹೇಳದಿದ್ದರೆ ದಯವಿಟ್ಟು ತಾಲೂಕು ಪ್ರತಿನಿಧಿಗೆ ತಿಳಿಸಿರಿ. ಅಂಥವರು ಬಾಯಿಮಾತಿನಲ್ಲಿ ಹೇಳಿದರೂ ಅರ್ಜಿ ಬರೆದು, ಓದಿ ಕೇಳಿಸಿ, ಸ್ವೀಕರಿಸಲಾಗುವುದು.