ಕುಟುಂಬ ಯೋಜನೆಯ ಅಳತೆಗೋಲು ಬದಲಿಸಿದ ಸಂಶೋಧಕ: ಡಾ. ಅನ್ರುಧ್ ಜೈನ್

ಕುಟುಂಬ ಯೋಜನೆ ಎಂದೊಡನೆ ಹಿರಿಯರಿಗೆ ನೆನಪಾಗುವುದು ಕೆಂಪು ತ್ರಿಕೋನ ಮತ್ತು ಶಸ್ತ್ರಚಿಕಿತ್ಸಾ ಶಿಬಿರಗಳು. ವರ್ಷಕ್ಕೆ ಎಷ್ಟು ಶಸ್ತ್ರಚಿಕಿತ್ಸೆ ಆಯಿತು ಎಂಬುದೇ ಆಗ ಯಶಸ್ಸಿನ ಲೆಕ್ಕ. ದಂಪತಿಗಳು ಬಯಸಿದ್ದು ಅವರಿಗೆ ದೊರೆಯಿತೇ ಎಂದು ಕೇಳಬೇಕು ಎಂಬ ವಾದವನ್ನು ಅಂಕಿ-ಅಂಶಗಳೊಂದಿಗೆ ಮುಂದಿಟ್ಟವರಲ್ಲಿ ಜನಸಂಖ್ಯಾ ಶಾಸ್ತ್ರಜ್ಞ ಡಾ. ಅನ್ರುಧ್ ಕೆ. ಜೈನ್ ಪ್ರಮುಖರು. ನ್ಯೂಯಾರ್ಕ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಪಾಪ್ಯುಲೇಷನ್ ಕೌನ್ಸಿಲ್ ಸಂಸ್ಥೆಯಲ್ಲಿ ಅವರು ದಶಕಗಳ ಕಾಲ ಸಂಶೋಧನೆ ನಡೆಸಿದರು.

ಆರಂಭದ ಸಂಶೋಧನೆ

ಅವರ ಮೊದಲ ಅಧ್ಯಯನಗಳು ತೈವಾನಿನ ಮಹಿಳೆಯರನ್ನು ಕುರಿತವು. ವಯಸ್ಸಿಗೂ ಗರ್ಭಧಾರಣೆಯ ಸಾಧ್ಯತೆಗೂ ಇರುವ ಸಂಬಂಧದ ಬಗ್ಗೆ 1969ರಲ್ಲಿ ಬರೆದರು. ಹೆರಿಗೆಯ ನಂತರ ಮುಟ್ಟು ಮರಳುವುದಕ್ಕೂ ಎದೆಹಾಲು ಉಣಿಸುವುದಕ್ಕೂ ಇರುವ ಸಂಬಂಧವನ್ನು 1970ರಲ್ಲಿ ಸಹ ಸಂಶೋಧಕರೊಡನೆ ಪರಿಶೀಲಿಸಿದರು. 1976ರಲ್ಲಿ ಗರ್ಭನಿರೋಧಕ ಮಾತ್ರೆ, ಧೂಮಪಾನ ಮತ್ತು ಹೃದಯಾಘಾತ ಕುರಿತ ಲೇಖನ ಪ್ರಕಟವಾಯಿತು. ಮಾತ್ರೆ ಬರೆಯುವ ಮುನ್ನ ವೈದ್ಯರು ಮಹಿಳೆಯ ವಯಸ್ಸು ಮತ್ತು ಧೂಮಪಾನದ ಬಗ್ಗೆ ಇಂದಿಗೂ ವಿಚಾರಿಸುವುದಕ್ಕೆ ಇಂಥ ಸಂಶೋಧನೆಗಳೇ ಆಧಾರ.

ಸೇವೆಯ ಗುಣಮಟ್ಟ

ಡಾ. ಜೈನ್ ಹೆಚ್ಚು ಪ್ರಸಿದ್ಧರಾದದ್ದು 1989ರ ಒಂದು ಲೇಖನದಿಂದ. ದೇಶವೊಂದರಲ್ಲಿ ಇನ್ನೂ ಒಂದು ಗರ್ಭನಿರೋಧಕ ವಿಧಾನ ಎಲ್ಲೆಡೆ ದೊರೆಯುವಂತಾದರೆ, ಬಳಸುವವರ ಪ್ರಮಾಣ ಶೇ. 12 ಅಂಶಗಳಷ್ಟು ಏರಬಹುದು ಎಂದು ಅವರು ಅಂದಾಜು ಮಾಡಿದರು. ಒತ್ತಾಯ ಮಾಡದೆ, ಆಯ್ಕೆ ಹೆಚ್ಚಿಸಿದರೇ ಫಲ ದೊರೆಯುತ್ತದೆ ಎಂಬುದು ಇದರ ತಾತ್ಪರ್ಯ.

ಮರುವರ್ಷ ಅವರ ಸಹೋದ್ಯೋಗಿ ಜುಡಿತ್ ಬ್ರೂಸ್ ಗುಣಮಟ್ಟದ ಆರು ಅಂಶಗಳನ್ನು ಪಟ್ಟಿ ಮಾಡಿದರು: ವಿಧಾನಗಳ ಆಯ್ಕೆ, ಸಂಪೂರ್ಣ ಮಾಹಿತಿ, ಸಿಬ್ಬಂದಿಯ ತಾಂತ್ರಿಕ ಕೌಶಲ, ಗೌರವದ ನಡವಳಿಕೆ, ನಂತರದ ತಪಾಸಣೆಯ ವ್ಯವಸ್ಥೆ ಮತ್ತು ಮಹಿಳೆಗೆ ಬೇಕಾದ ಇತರ ಆರೋಗ್ಯ ಸೇವೆಗಳು. 1990ರ ದಶಕದಲ್ಲಿ ಇಬ್ಬರೂ ಸೇರಿ ‘ಹರಿ’ ಎಂಬ ಸಂಕ್ಷಿಪ್ತ ಹೆಸರಿನ ಸೂಚ್ಯಂಕವನ್ನು ಮುಂದಿಟ್ಟರು. ‘ಸದ್ಯಕ್ಕೆ ಮಗು ಬೇಡ’ ಅಥವಾ ‘ಇನ್ನು ಸಾಕು’ ಎಂದ ಮಹಿಳೆಯ ಇಚ್ಛೆ, ಅವಳ ಆರೋಗ್ಯಕ್ಕೆ ಹಾನಿಯಾಗದೆ ನೆರವೇರಿತೇ ಎಂಬುದೇ ಅದರ ಅಳತೆ.

2013ರಲ್ಲಿ ಅವರು ಇತರರೊಡನೆ 34 ದೇಶಗಳ ಅಂಕಿ-ಅಂಶ ಪರಿಶೀಲಿಸಿದರು. ಆಧುನಿಕ ಗರ್ಭನಿರೋಧಕದ ಅಗತ್ಯವಿದ್ದೂ ಬಳಸದ ಮಹಿಳೆಯರಲ್ಲಿ ಸುಮಾರು ಶೇ. 38ರಷ್ಟು ಮಂದಿ ಹಿಂದೆ ಬಳಸಿ ಬಿಟ್ಟವರಾಗಿದ್ದರು. ಅಡ್ಡ ಪರಿಣಾಮ ಕಂಡಾಗ ಧೈರ್ಯ ಹೇಳಿ, ಬೇರೆ ವಿಧಾನ ಸೂಚಿಸುವವರು ಇದ್ದಿದ್ದರೆ ಇವರಲ್ಲಿ ಅನೇಕರು ಮುಂದುವರಿಸಬಹುದಿತ್ತು.

ಭಾರತದ ಅನುಭವ

ಗುರಿ ನಿಗದಿಪಡಿಸುವ ಪದ್ಧತಿಯ ಕಹಿ ಭಾರತಕ್ಕೆ ಚೆನ್ನಾಗಿ ಗೊತ್ತು. ತುರ್ತು ಪರಿಸ್ಥಿತಿಯ 1976-77ರಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಅನೇಕ ಕಡೆ ಬಲವಂತವೂ ನಡೆಯಿತು. 1994ರ ಕೈರೋ ಸಮ್ಮೇಳನ ಸಂತಾನೋತ್ಪತ್ತಿ ಆರೋಗ್ಯವನ್ನು ವ್ಯಕ್ತಿಯ ಹಕ್ಕೆಂದು ಒಪ್ಪಿದ ಬಳಿಕ, 1996ರಲ್ಲಿ ಕೇಂದ್ರ ಸರ್ಕಾರ ಗರ್ಭನಿರೋಧಕ ಗುರಿಗಳನ್ನು ದೇಶದಾದ್ಯಂತ ಕೈಬಿಟ್ಟಿತು.

ಜೈನ ಕುಟುಂಬಗಳಿಗೆ ಇದರ ಅರ್ಥ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಜೈನ ಸಮಾಜದಲ್ಲಿ ಪ್ರತಿ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 2015-16ರಲ್ಲಿ 1.2, 2019-21ರಲ್ಲಿ 1.6. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಹಾಗಾಗಿ ಹೆಚ್ಚು ಮಕ್ಕಳನ್ನು ಪಡೆಯಬೇಕೆಂಬ ಕರೆ ಸಮಾಜದಲ್ಲಿ ಆಗಾಗ ಕೇಳಿಬರುತ್ತದೆ. ಈ ಕಳವಳ ಸಹಜವಾದದ್ದೇ. ಆದರೆ ಮೇಲಿನ ಅಳತೆಗೋಲು ಇಲ್ಲಿಗೂ ಅನ್ವಯಿಸುತ್ತದೆ. ಕಡಿಮೆ ಮಾಡಿ ಎಂಬ ಒತ್ತಡದಂತೆಯೇ ಹೆಚ್ಚು ಮಾಡಿ ಎಂಬ ಒತ್ತಡದಲ್ಲೂ ದಂಪತಿಗಳ ಇಚ್ಛೆ ಹಿಂದಕ್ಕೆ ಸರಿಯುತ್ತದೆ. ಮನ, ವಚನ, ಕಾಯಗಳಿಂದ ಯಾರನ್ನೂ ನೋಯಿಸಬಾರದೆಂಬ ಅಹಿಂಸಾಣುವ್ರತ ಮನೆಯೊಳಗೂ ಇದೆ. ಮಕ್ಕಳ ವಿಷಯದಲ್ಲಿ ಸೊಸೆಯನ್ನು ಚುಚ್ಚುವ ಮಾತು ವಚನದ ಹಿಂಸೆಯೇ ಆಗುತ್ತದೆ.

ಎರಡನೆಯ ಮಗು ಬಯಸಿಯೂ ಆಗದ ದಂಪತಿಗಳಿಗೆ ಬೇಕಿರುವುದು ಉಪದೇಶಕ್ಕಿಂತ ಸಕಾಲದ ಚಿಕಿತ್ಸೆ. ಮೊದಲ ಹೆರಿಗೆಯ ನಂತರ ಅಂತರ ಬಯಸುವವರಿಗೆ ಬೇಕಿರುವುದು ಸರಿಯಾದ ಮಾಹಿತಿ. ವೈದ್ಯರನ್ನು ಕಾಣುವಾಗ ಪತಿ-ಪತ್ನಿ ಇಬ್ಬರೂ ಹೋಗಿ ಈ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು: ನಮಗೆ ಯಾವ ಯಾವ ವಿಧಾನಗಳಿವೆ? ಅಡ್ಡ ಪರಿಣಾಮಗಳೇನು? ಹೊಂದದಿದ್ದರೆ ಯಾವುದಕ್ಕೆ ಬದಲಿಸಬಹುದು? ಮತ್ತೆ ಯಾವಾಗ ಬರಬೇಕು?