ಒಳಗೂ ಕರಿಯ ಕಲ್ಲು

ಚಾಮುಂಡಿ ಬೆಟ್ಟದ ನಂದಿ ಕಪ್ಪಗಾದದ್ದು ಎಣ್ಣೆ, ಇದ್ದಿಲಿನಿಂದ. ಒಳಗಿನ ಕಲ್ಲು ಅಷ್ಟು ಕಪ್ಪಲ್ಲ. ಬೆಟ್ಟದ ಗ್ರಾನೈಟಿಗೆ ಭೂವಿಜ್ಞಾನಿಗಳು ಹೇಳುವ ವಯಸ್ಸು ಸುಮಾರು 80 ಕೋಟಿ ವರ್ಷ. ಮೈಸೂರಿನವರಿಗೆ ಅದೇ ಅನಾದಿ. ಆದರೆ ‘ಬೆನ್ನು’ ಎಂಬ ಕ್ಷುದ್ರಗ್ರಹದಿಂದ ಬಂದ 121.6 ಗ್ರಾಂ ಪುಡಿಯ ಮುಂದೆ ಅದಿನ್ನೂ ಹಸುಗೂಸು. ಸುಮಾರು 456 ಕೋಟಿ ವರ್ಷಗಳ ಹಿಂದೆ ಸೌರವ್ಯೂಹ ರೂಪುಗೊಂಡಾಗಿನ ಸರಕು ಅದರಲ್ಲಿದೆ. (ಹೆಸರು ಕೇಳಿ ಬೆನ್ನು ಮುಟ್ಟಿ ನೋಡಿಕೊಳ್ಳಬೇಕಿಲ್ಲ, ಅದು ಈಜಿಪ್ಟಿನ ಪುರಾಣದ ಹಕ್ಕಿ.)

ಬೆನ್ನು ಒಳಗೂ ಹೊರಗೂ ಕರಿ. ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ನಾಸಾದ ನೌಕೆ ಅಲ್ಲಿಂದ ಬಾಚಿದ ಮಣ್ಣು 2023ರ ಸೆಪ್ಟೆಂಬರ್ 24ರಂದು ಯೂಟಾ ಮರುಭೂಮಿಗೆ ಇಳಿಯಿತು. ಆಮೇಲಿನದೇ ಮಜಾ. ಮಾದರಿಯ ಡಬ್ಬಿಗಿದ್ದ 35 ತಿರುಪುಗಳಲ್ಲಿ ಎರಡು ಜಪ್ಪಯ್ಯ ಎಂದರೂ ಕದಲಲಿಲ್ಲ! ಭೂಮಿಯ ತೇವ ತಾಗದಂತೆ ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ ಕೈಗವಸಿನಿಂದಲೇ ಕೆಲಸ. ಸಿಕ್ಕಿದ ಸ್ಪ್ಯಾನರ್ ತೂರಿಸುವ ಹಾಗಿಲ್ಲ. ಡಬ್ಬಿಯ ಹೊರಗೂ ಸಂದಿಯಲ್ಲೂ ಸಿಕ್ಕ 70 ಗ್ರಾಮನ್ನು ಒಟ್ಟುಮಾಡಿಕೊಂಡು, ಹೊಸ ಉಪಕರಣಗಳನ್ನೇ ತಯಾರಿಸಿ, 2024ರ ಜನವರಿಯಲ್ಲಿ ತಿರುಪು ಬಿಚ್ಚಿದರು.

ಪುಡಿಯಲ್ಲಿ ಜೀವಿಗಳು ಪ್ರೋಟೀನ್ ಕಟ್ಟಲು ಬಳಸುವ 20 ಅಮೈನೋ ಆಮ್ಲಗಳ ಪೈಕಿ 14 ಇದ್ದವು. ಡಿಎನ್‌ಎ, ಆರ್‌ಎನ್‌ಎಗಳ ಐದೂ ಪ್ರತ್ಯಾಮ್ಲಗಳಿದ್ದವು. ಜೀವ ಮಾತ್ರ ಇರಲಿಲ್ಲ. ಜೊತೆಗೆ ಸಿಕ್ಕಿದ್ದು ಉಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರದಲ್ಲಿ ನೀರು ಆವಿಯಾಗಿ ಉಪ್ಪು ಉಳಿಯುವ ಹಾಗೆ, ಬೆನ್ನು ಒಡೆದು ಬಂದ ತಾಯಿಕಾಯದಲ್ಲಿ ಒಂದು ಕಾಲಕ್ಕೆ ಉಪ್ಪುನೀರಿತ್ತು, ಅದು ಆರಿತು. ಹೇರಳ ಅಮೋನಿಯ ಇರುವುದರಿಂದ ಆ ಸಾಮಗ್ರಿ ಸೂರ್ಯನಿಂದ ದೂರದ ಕೊರೆಯುವ ಚಳಿಯಲ್ಲಿ ಕೂಡಿಕೊಂಡಿರಬೇಕು ಎಂಬುದು ತಜ್ಞರ ಅಂದಾಜು.

ಮೈಸೂರು ಸೀಮೆಗೂ ಆಕಾಶದ ಕಲ್ಲು ಬಿದ್ದದ್ದುಂಟು. ವಡೆಗೆ ಹೆಸರಾದ ಮದ್ದೂರಿನ ಕಡೆ 1865ರ ಸೆಪ್ಟೆಂಬರ್ 21ರಂದು ಸುಮಾರು 4.4 ಕಿಲೋ ತೂಕದ ಕಲ್ಲು ಬಿತ್ತು. ಉಲ್ಕಾಶಿಲೆಗಳ ಜಾಗತಿಕ ಪಟ್ಟಿಯಲ್ಲಿ ಅದು ‘ಮುದ್ದೂರ್’. ಆದರೆ ಅದು ಬೆನ್ನುವಿನ ಜಾತಿಯದಲ್ಲ. ತನ್ನ ತಾಯಿಕಾಯದ ಒಳಗೇ ಚೆನ್ನಾಗಿ ಬೆಂದ ಕಲ್ಲು. ಬೆನ್ನುವಿನಂಥವು ಬೇಯದೆ, ನೆನೆದು ಉಳಿದವು.

ಅಂಥ ನೆನೆದ ಕರಿಗಲ್ಲು ಭಾರತಕ್ಕೂ ಬಂದಿದೆ: 2017ರ ಜೂನ್ 6ರಂದು ಜೈಪುರದ ಬಳಿಯ ಮುಕುಂದಪುರದ ಹೊಲಕ್ಕೆ. ಇವು ಸುಲಭವಾಗಿ ಪುಡಿಯಾಗುವಂಥವು, ಮಳೆ ತಾಗಿದರೆ ಕೆಡುತ್ತವೆ. ಹೊಲದಲ್ಲಿ ಹೀಗೊಂದು ಬಿದ್ದರೆ ತೊಳೆದು ಕುಂಕುಮ ಇಡುವ ಮೊದಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಬೆಂಗಳೂರು ಕಚೇರಿಗೆ ತಿಳಿಸುವುದು ಒಳ್ಳೆಯದು.

ಚಾಮುಂಡಿ ತಪ್ಪಲಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ‘ಕಾಸ್ಮಾಸ್’ ತಾರಾಲಯಕ್ಕೆ 2022ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಗುಮ್ಮಟದ ಪರದೆಯ ಮೇಲೆ ನಕ್ಷತ್ರ ತೋರಿಸುವುದು ಸರಿಯೇ. ಆದರೆ ಮಕ್ಕಳು ಹತ್ತಿರ ನಿಂತು ನೋಡಲು ಅಲ್ಲೊಂದು ನಿಜವಾದ ಕಲ್ಲೂ ಬೇಕು. ಮದ್ದೂರಿನದರ ಒಂದು ಚೂರನ್ನಾದರೂ ಎರವಲು ತಂದು ಇಡಲಿ.